ಸೋಪಕ್ಕನ ಹೆಸರಿನ ಇನ್ನೊಂದು ಖಾತೆ

ಆಸ್ಪತ್ರೆಯ ಹಿಂಬದಿಯ ಲಾಂಡ್ರಿಯಲ್ಲಿ ಸೋಪಕ್ಕ ಇಲ್ಲಿಯವರೆಗೆ ಒಗೆದ ಹಾಸಿಗೆ ಬಟ್ಟೆಗಳನ್ನು ಒಂದಕ್ಕೊಂದು ಗಂಟು ಹಾಕಿದರೆ ಅದು ಚಂದ್ರನ ತನಕ ಹೋಗಿ, ಅಲ್ಲೊಂದು ಮಂಚಕ್ಕೆ ಹಾಸಿ, ಹೊದೆಯುವುದಕ್ಕೂ ಒಂದಿಷ್ಟು ಮಿಗುತ್ತಿತ್ತು. ಮಲಗುವ ಪುರುಸೊತ್ತು ಮಾತ್ರ ಸೋಪಕ್ಕನಿಗೆ ಇರಲಿಲ್ಲ. ಲಾಂಡ್ರಿಯಲ್ಲಿ ದೊಡ್ಡ ದೊಡ್ಡ ಮಷಿನ್‌ಗಳಿದ್ದವು, ನಿಜ. ಆದರೆ ಅವು ಸುಲಭದ ಕೊಳೆಯನ್ನೆಲ್ಲ ತಾವು ತಿಂದು, ಮೊಂಡು ಕಲೆಗಳನ್ನು ಹಾಗೆಯೇ ಉಗುಳುತ್ತಿದ್ದವು. ಆ ಉಗುಳಿದ್ದೆಲ್ಲ ಸೋಪಕ್ಕನ ಪಾಲು. ರಕ್ತಕ್ಕೆ ತಣ್ಣೀರು, ಔಷಧದ ಹಳದಿಗೆ ಬ್ಲೀಚಿಂಗ್ ಪುಡಿ, ಏನೆಂದು ಕೇಳಬಾರದ ಕಲೆಗಳಿಗೆ ಸೋಡಾ ಹಾಕಿದ ಕುದಿನೀರು. ಅವಳಿಗೆ ಸೊಂಟ ಎನ್ನುವುದೊಂದು ಇದೆಯೆಂದು ಅವಳಿಗೇ ಮರೆತುಹೋಗಿತ್ತು. ಸಂಜೆ ಎದ್ದು ನಿಂತಾಗ ಅದು ತಾನಾಗಿ ನೆನಪಿಸುತ್ತಿತ್ತು.

ಹೀಗೆ ಉಜ್ಜಿ ಉಜ್ಜಿ ಅವಳ ಬೆರಳಿನ ಗೆರೆಗಳು ಸವೆದುಹೋಗಿದ್ದವು. ಅವೆಲ್ಲ ಸೋಪಿನ ನೊರೆಯ ಜೊತೆ ಚರಂಡಿ ಸೇರಿ, ಹೊಳೆ ಸೇರಿ, ಈಗ ಯಾವ ಮೀನಿನ ಬೆನ್ನ ಮೇಲೆ ಕೂತಿವೆಯೋ ಯಾರಿಗೆ ಗೊತ್ತು. ಬೆರಳಚ್ಚು ಕೇಳುವ ಯಾವ ಮಷಿನ್ನೂ ಅವಳನ್ನು ಒಂದೇ ಸಲಕ್ಕೆ ಒಪ್ಪಿಕೊಂಡಿದ್ದಿಲ್ಲ. ಹಾಜರಿ ಮಷಿನ್ನಿನ ಜೊತೆ ಗುದ್ದಾಡಿ ಸಾಕಾಗಿ ಸೂಪರ್‌ವೈಸರ್ ಅವಳ ಹೆಸರನ್ನು ಕೈಯಲ್ಲೇ ಬರೆದುಕೊಳ್ಳುತ್ತಿದ್ದ. ಎಲ್ಲಿ ಹೋದರೂ "ಬರ್ತಿಲ್ಲ, ಇನ್ನೊಂದ್ಸಲ ಒತ್ತಿ" ಎನ್ನುತ್ತಿದ್ದರು. ಅವಳು ಒತ್ತುತ್ತಿದ್ದಳು. ಹೆಬ್ಬೆರಳನ್ನು ಸೀರೆಗೆ ಒರೆಸಿ, ಊದಿ, ಮತ್ತೆ ಒತ್ತುತ್ತಿದ್ದಳು. ಬೇಸರ ಮಾಡಿಕೊಳ್ಳುವುದಕ್ಕೂ ಮೈಯಲ್ಲಿ ಒಂದಿಷ್ಟು ಕಸುವು ಬೇಕು. ಅದು ಅವಳಲ್ಲಿ ಉಳಿದಿರಲಿಲ್ಲ.

ಆಸ್ಪತ್ರೆಯ ಗೇಟಿನ ಹತ್ತಿರ ಕೊಡೆ ಬಿಚ್ಚಿಕೊಂಡು ಸಿಮ್ ಮಾರುತ್ತಿದ್ದವನು ಸಿಕ್ಕಿದ್ದು ಆ ದಣಿವಿನಲ್ಲೇ. ಅವಳ ಫೋನು ಸೋಡಾ ತೊಟ್ಟಿಗೆ ಬಿದ್ದು ಬೆಳ್ಳಗಾಗಿ ಸತ್ತಿತ್ತು. ಹೊಸ ಸಿಮ್ ಬೇಕಿತ್ತು. ಅವನು ಬಹಳ ಸಭ್ಯ. ಕುರ್ಚಿ ಹಾಕಿ ಕೂರಿಸಿದ, ಕುಡಿಯಲು ನೀರು ಕೊಟ್ಟ, ಗುರುತಿನ ಚೀಟಿಯ ಪ್ರತಿ ಇಸಿದುಕೊಂಡ, ಫೋಟೋ ಹೊಡೆದ. ಅವಳ ಹೆಬ್ಬೆರಳಿಗೆ ಎಂಥದೋ ಜಿಡ್ಡು ಸವರಿ, "ಒತ್ತಿ ಅಮ್ಮ" ಅಂದ. ಒತ್ತಿದಳು. "ಅಯ್ಯೋ, ಬರ್ಲಿಲ್ಲ ಅಮ್ಮ, ಇನ್ನೊಂದ್ಸಲ." ಒತ್ತಿದಳು. "ಸರ್ವರ್ರು ಸರಿ ಇಲ್ಲ ಅಮ್ಮ. ಇನ್ನೊಂದ್ಸಲ ಒತ್ತಿಬಿಡಿ." ಒತ್ತಿದಳು, ಒತ್ತುತ್ತಲೇ ಹೋದಳು. ಇಷ್ಟು ಹೊತ್ತು ಕುರ್ಚಿಯಲ್ಲಿ ಕೂರುವ ಯೋಗ ಅವಳಿಗೆ ವರ್ಷಕ್ಕೊಮ್ಮೆಯೂ ಸಿಗುತ್ತಿರಲಿಲ್ಲ. ಕೊನೆಗೆ ಎದ್ದು ಬರುವಾಗ, ಪಾಪ ಎಷ್ಟು ತಾಳ್ಮೆಯವನು ಎಂದು ಅವನನ್ನೇ ಹರಸಿ ಬಂದಳು.

ಕೆಲವು ತಿಂಗಳಾದ ಮೇಲೆ ಒಂದು ರಜೆಯ ಮಧ್ಯಾಹ್ನ, ಅವಳ ಒಂದೇ ಕೋಣೆಯ ಮನೆಯ ಬಾಗಿಲನ್ನು ಯಾರೋ ಬಡಿದರು. ಹೊರಗೆ ಒಬ್ಬ ವಯಸ್ಸಾದ ಮನುಷ್ಯ, ಕಂಕುಳಲ್ಲಿ ಚೀಲ. ನಿವೃತ್ತ ಬಸ್ ಕಂಡಕ್ಟರ್. ಅವನು ಕೆಲಸದಲ್ಲಿದ್ದಾಗ "ರೈಟ್" ಎಂದು ಕೂಗಿದರೆ ಪಕ್ಕದ ಡಿಪೋದ ಬಸ್ಸುಗಳೂ ಹೊರಡುತ್ತಿದ್ದವಂತೆ.

ಅವನ ಕಥೆ ಇಷ್ಟೇ. ಪಿಂಚಣಿ ಕಚೇರಿಯಿಂದ ಎಂದು ಯಾರೋ ಫೋನು ಮಾಡಿ, ಪಿಂಚಣಿ ನಿಂತುಹೋಗಿದೆ, ಬಿಡಿಸಬೇಕಾದರೆ ಇಂಥ ಖಾತೆಗೆ ಹಣ ಹಾಕಿ ಎಂದಿದ್ದರು. ಹೆದರಿ ಹಾಕಿದ್ದ. ಕೂಡಿಟ್ಟಿದ್ದೆಲ್ಲ ಹೋಗಿತ್ತು. ಆ ಖಾತೆ ಯಾರದೆಂದು ಬ್ಯಾಂಕಿನವರನ್ನು ಕಾಡಿ ಬೇಡಿ ಹೆಸರು, ವಿಳಾಸ ಹಿಡಿದಿದ್ದ. ಬರುವ ದಾರಿಯುದ್ದಕ್ಕೂ ಏನೇನು ಬೈಯಬೇಕೆಂದು ಬಾಯಿಪಾಠ ಮಾಡಿಕೊಂಡಿದ್ದ. ಮೆಟ್ಟಿಲು ಹತ್ತುವಷ್ಟರಲ್ಲಿ ಏದುಸಿರು ಬಂದು ಅರ್ಧ ಮರೆತಿತ್ತು. ಉಳಿದರ್ಧ, ಈ ಕೋಣೆ ನೋಡಿದ್ದೇ ಮರೆತುಹೋಯಿತು. ಒಂದು ಮಂಚ, ಅದರ ಮೇಲೆ ಒಬ್ಬ ಮುದುಕಿ. ಒಂದು ಸ್ಟೌ. ತಂತಿಯ ಮೇಲೆ ಒಣಗುತ್ತಿದ್ದ ಒಂದೇ ಸೀರೆ.

"ಈ ಹೆಸರಿನೋಳು ನೀನೇನಾ?" ಎಂದು ಚೀಟಿ ತೋರಿಸಿದ.

"ನಾನೇ. ಯಾಕಣ್ಣ?"

"ನನ್ನ ದುಡ್ಡು ಎಲ್ಲಿ?"

ಸೋಪಕ್ಕನಿಗೆ ತಲೆಬುಡ ತಿಳಿಯಲಿಲ್ಲ. ಅವನು ಒಂದೊಂದಾಗಿ ಹೇಳಿದ ಮೇಲೆ ಬಾಗಿಲ ಬಳಿಯೇ ಕೂತುಬಿಟ್ಟಳು. ಮಂಚದ ಮೇಲಿದ್ದ ಅತ್ತೆ ಮಾತ್ರ ಎದ್ದು ಕೂತಳು.

"ಏನಪ್ಪಾ, ಇವಳು ಮೋಸ ಮಾಡಿದ್ಳಾ? ಇವಳಾ? ನನ್ನ ಮಾತ್ರೆ ಕೊಡೋದು ಮರೆತ್ರೆ ಕೊಟ್ಟಿದೀನಿ ಅಂತ ಒಂದು ಸುಳ್ಳು ಹೇಳೋಕೆ ಬರಲ್ಲ ಇವಳಿಗೆ. ಮುಖದಲ್ಲೇ ಬರೆದಿರುತ್ತೆ. ಅಷ್ಟು ಬುದ್ಧಿ ಇದ್ದಿದ್ರೆ ನಾನು ಈ ಮುರುಕಲು ಮಂಚದಲ್ಲಿ ಬಿದ್ದಿರ್ತಿದ್ನಾ?"

"ನೀವು ಸುಮ್ನಿರಿ ಅತ್ತೆ."

"ನೋಡಿದ್ಯಾ? ನನ್ನ ಬಾಯಿ ಮುಚ್ಚಿಸೋಕೊಂದು ಬರುತ್ತೆ."

ಕಂಡಕ್ಟರ್ ಹೊಸ್ತಿಲ ಮೇಲೇ ಕೂತ. ನಾಳೆ ಪೊಲೀಸ್ ಠಾಣೆಗೆ ಹೋಗುತ್ತೇನೆ, ಈ ಹೆಸರು ಕೊಡುತ್ತೇನೆ, ನೀನುಂಟು ಅವರುಂಟು ಎಂದ. ಬೈಗುಳದಷ್ಟು ಗಟ್ಟಿಯಾಗಿ ಹೇಳಲು ಹೋದದ್ದು, ಕೊನೇ ಟ್ರಿಪ್ಪಿನ ಖಾಲಿ ಬಸ್ಸಿನಲ್ಲಿ ಸ್ಟಾಪ್ ಹೆಸರು ಹೇಳಿದಷ್ಟು ಮೆತ್ತಗೆ ಬಂತು.

ಸೋಪಕ್ಕ ಹೆದರಿದ್ದು ಠಾಣೆಗಲ್ಲ. ಲಾಂಡ್ರಿಯ ಗುತ್ತಿಗೆದಾರನದು ಒಂದೇ ಕಾನೂನು: ಯಾರ ಮೇಲಾದರೂ ಪೊಲೀಸ್ ಕೇಸ್ ಬಿತ್ತೋ, ಮಾರನೆಯ ದಿನದಿಂದ ಅವರು ಗೇಟಿನ ಆಚೆ. ಸರಿಯೋ ತಪ್ಪೋ ಅವನು ಕೇಳುವವನಲ್ಲ. ಈ ವಯಸ್ಸಿಗೆ, ಈ ಸೊಂಟಕ್ಕೆ, ಇನ್ನೆಲ್ಲಿ ಕೆಲಸ?

"ಅಣ್ಣ, ಠಾಣೆಗೆ ಹೋಗೋ ಮುಂಚೆ ನನ್ನ ಜೊತೆ ಆ ಬ್ಯಾಂಕಿಗೆ ಬನ್ನಿ. ಆಮೇಲೆ ನಿಮ್ಮಿಷ್ಟ," ಎಂದಳು.

"ಓಡಿಹೋಗಲ್ಲ ತಾನೆ?"

"ಓಡೋಕೆ ಕಾಲು ಬೇಡ್ವಾ ಅಣ್ಣ?"

ಮಾರನೆಯ ಬೆಳಿಗ್ಗೆ ಇಬ್ಬರೂ ಬ್ಯಾಂಕಿನ ಬಾಗಿಲು ತೆರೆಯುವ ಮೊದಲೇ ಹಾಜರಾದರು. ಒಳಗೆ ಕೂತ ಬೆಂಚು ಎಷ್ಟು ಹಳೆಯದೆಂದರೆ, ದುಡ್ಡು ಹುಟ್ಟುವ ಮುಂಚೆಯೇ ಅದನ್ನು ಅಲ್ಲಿಟ್ಟಿದ್ದರು. ಕರೆ ಬಂದಾಗ ಕನ್ನಡಕದ ಮೇಡಂ ಒಬ್ಬರು ಕಂಪ್ಯೂಟರ್ ನೋಡಿ ಹುಬ್ಬೇರಿಸಿದರು. ಪರದೆಯ ಮೇಲೆ ಸೋಪಕ್ಕನದೇ ಫೋಟೋ. ಹಿಂದೆ ಬಣ್ಣದ ಕೊಡೆ.

"ಇದು ನೀವೇ ಅಲ್ವಾ ಅಮ್ಮ?"

"ಮುಖ ನಂದೇ ಮೇಡಂ. ಖಾತೆ ನಂದಲ್ಲ. ನನ್ನ ಸಂಬಳ ಬೇರೆ ಬ್ಯಾಂಕಿಗೆ ಬರೋದು."

"ಫೋನ್ ನಂಬರ್ ಇದೇನಾ ನಿಮ್ದು?"

ನಂಬರು ಅವಳದಾಗಿರಲಿಲ್ಲ. ಹಣ ಬಂದ ಮೆಸೇಜೂ ಹೋದ ಮೆಸೇಜೂ ಎಲ್ಲ ಆ ಗೊತ್ತಿಲ್ಲದ ನಂಬರಿಗೇ ಹೋಗಿದ್ದವು. ಕಂಡಕ್ಟರನ ದುಡ್ಡು ಬಂದು, ಕೂತು ದಣಿವಾರಿಸಿಕೊಳ್ಳದೆ, ಹಾಗೇ ಬೇರೆಲ್ಲಿಗೋ ಹೊರಟುಹೋಗಿತ್ತು. ಖಾತೆಯಲ್ಲಿ ಈಗ ಉಳಿದದ್ದು ಬಸ್ ಚಾರ್ಜಿಗೂ ಸಾಲದಷ್ಟು.

"ಸರಿ, ಮೊದಲು ಇದನ್ನ ನಿಲ್ಲಿಸೋಣ. ಹೆಬ್ಬೆರಳು ಒತ್ತಿ," ಎಂದರು ಮೇಡಂ.

ಒತ್ತಿದಳು. ಬರಲಿಲ್ಲ. ಒರೆಸಿ ಒತ್ತಿದಳು. ಬರಲಿಲ್ಲ. ಊದಿ ಒತ್ತಿದಳು. ಮಷಿನ್ನು ತುಟಿ ಪಿಟಕ್ಕೆನ್ನಲಿಲ್ಲ. ಪಕ್ಕದಲ್ಲಿ ನಿಂತು ನೋಡುತ್ತಿದ್ದ ಕಂಡಕ್ಟರಿಗೆ ತಡೆಯಲಾಗಲಿಲ್ಲ.

"ಖಾತೆ ಮುಚ್ಚೋಕೆ ಇಷ್ಟು ಹೊತ್ತಾದ್ರೆ, ತೆರೆಯೋವಾಗ ಹೆಂಗೆ ಬಂತು?"

"ಆವತ್ತೂ ಬರ್ಲಿಲ್ಲ ಅಣ್ಣ. ಅವನು ಬರ್ಲಿಲ್ಲ ಬರ್ಲಿಲ್ಲ ಅಂತಾನೇ ಇದ್ದ."

"ಮಷಿನ್ನು ಏನಂತಿತ್ತು?"

ಸೋಪಕ್ಕ ಯೋಚಿಸಿದಳು. "ಕುಂಯ್ ಅಂತಿತ್ತು."

"ಪ್ರತಿ ಸಲಾನೂ?"

"ಪ್ರತಿ ಸಲಾನೂ."

ಕಂಡಕ್ಟರ್ ಹಣೆ ಚಚ್ಚಿಕೊಂಡ. "ನಮ್ಮ ಟಿಕೆಟ್ ಮಷಿನ್ನೂ ಹಂಗೇ ತಾಯಿ. ಕುಂಯ್ ಅಂದ್ರೆ ಟಿಕೆಟ್ ಆಯ್ತು ಅಂತ. ಬಂದಿಲ್ಲ ಬಂದಿಲ್ಲ ಅಂತ ಒತ್ತಿಸಿ ಒತ್ತಿಸಿ, ಅವನು ನಿನ್ನ ಕೈಲಿ ಇಡೀ ಬಸ್ಸಿನ ಟಿಕೆಟ್ ಹರಿಸಿದಾನೆ."

ಮೇಡಂ ಹೌದೆಂದು ತಲೆಯಾಡಿಸಿದರು. ಮೊದಲ ಒತ್ತು ಸಿಮ್ಮಿಗೆ, ಎರಡನೆಯದು ಆ ಗೊತ್ತಿಲ್ಲದ ನಂಬರಿನ ಸಿಮ್ಮಿಗೆ, ಆಮೇಲಿನದು ಖಾತೆಗೆ. ಸಿಮ್ ಮಾರುವ ಏಜೆಂಟರೇ ಖಾತೆಯನ್ನೂ ತೆರೆಯುತ್ತಾರೆ, ಹೀಗೇ ಮಾಡುತ್ತಾರೆ ಎಂದರು. ಸೋಪಕ್ಕ ತನ್ನ ಹೆಬ್ಬೆರಳನ್ನು ನೋಡಿಕೊಂಡಳು. ಜೀವಮಾನದಲ್ಲಿ ಅದು, ಆ ಕೊಡೆಯವನು ಸವರಿದ ಜಿಡ್ಡಿನ ದೆಸೆಯಿಂದ, ಸಲೀಸಾಗಿ ಕೆಲಸ ಮಾಡಿದ್ದು ಅದೊಂದೇ ದಿನ. ಅವಳಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಎರಡಕ್ಕೂ ತ್ರಾಣವಿರಲಿಲ್ಲ.

ಕೊನೆಗೆ ಕಣ್ಣಿನ ಗುರುತು ತೆಗೆದುಕೊಂಡು ಖಾತೆ ನಿಲ್ಲಿಸಿದರು. ಬೆರಳಿನ ಗುರುತಿಗೆ ಬೀಗ ಹಾಕಿಸಿದರು. ಇನ್ನು ಅವಳೇ ತೆರೆಯುವ ತನಕ ಯಾವ ಮಷಿನ್ನಿಗೂ ಅದು ನಡೆಯದು. ಮೇಡಂ ನಿಧಾನವಾಗಿ ತಿಳಿಹೇಳಿದರು: "ಕುಂಯ್ ಅಂದ್ಮೇಲೆ ಯಾರೇ ಬರ್ಲಿಲ್ಲ ಅಂದ್ರೂ ಕೈ ಇಡ್ಬೇಡಿ ಅಮ್ಮ. ಪರದೆ ತಿರುಗಿಸಿ ತೋರಿಸು ಅನ್ನಿ. ಗುರುತಿನ ಚೀಟಿ ಪ್ರತಿ ಕೊಡೋವಾಗ ಯಾತಕ್ಕೆ ಕೊಟ್ಟಿದ್ದು ಅಂತ ಅದರ ಮೇಲೇ ಅಡ್ಡಡ್ಡ ಬರೀರಿ. ನಿಮ್ಮ ಹೆಸರಲ್ಲಿ ಎಷ್ಟು ಸಿಮ್ಮಿದೆ ಅಂತ ಆಗಾಗ ಕೇಳ್ತಿರಿ. ಬೇರೆ ಬ್ಯಾಂಕುಗಳಲ್ಲೂ ವಿಚಾರಿಸಿ." ಖಾತೆ ತೆರೆದದ್ದು ಆಸ್ಪತ್ರೆ ಗೇಟಿನ ಏಜೆಂಟನ ಮಷಿನ್ನಿನಿಂದ ಎಂದು ಬರೆದುಕೊಟ್ಟರು.

ಕೊಡೆಯವನು ಗೇಟಿನಲ್ಲಿ ಇರಲಿಲ್ಲ. ಅವನಿದ್ದ ಜಾಗದಲ್ಲಿ ಈಗ ಒಬ್ಬ ಬಾಚಣಿಗೆ ಮಾರುತ್ತಿದ್ದ.

ಠಾಣೆಯಲ್ಲಿ ದೂರು ಬರೆಯುವ ಪೇದೆಗೆ ಇವರಿಬ್ಬರಿಗಿಂತ ಹೆಚ್ಚು ಸುಸ್ತಾಗಿತ್ತು. ಅವನು ಆಕಳಿಸಿದ ರಭಸಕ್ಕೆ ಮೇಜಿನ ಕಾಗದಗಳು ಆಚೆ ಕೋಣೆಗೆ ಹಾರಿದವು. ಎಲ್ಲವನ್ನೂ ಕೇಳಿ, ಪೆನ್ನು ಹಿಡಿದು ಕಂಡಕ್ಟರನ ಕಡೆ ನೋಡಿದ.

"ಆರೋಪಿ ಯಾರು ಅಂತ ಬರೀಲಿ ಯಜಮಾನ್ರೇ? ಖಾತೆ ಈಯಮ್ಮನ ಹೆಸರಲ್ಲಿದೆ. ಹೆಸರು, ವಿಳಾಸ, ಫೋಟೋ ಎಲ್ಲಾ ಇದೆ. ಇವರ ಹೆಸರು ಹಾಕಿದ್ರೆ ಕೇಸು ಓಡುತ್ತೆ. ಯಾರೋ ಗೊತ್ತಿಲ್ಲ ಅಂತ ಬರೆದ್ರೆ ಕುಂಟುತ್ತೆ. ಆಮೇಲೆ ನಮ್ಮನ್ನ ಬೈಬೇಡಿ."

ಸೋಪಕ್ಕನ ಪರವಾಗಿ ಹೇಳಬೇಕಾದ್ದನ್ನೆಲ್ಲ ಮೇಡಂ ಬರೆದುಕೊಟ್ಟಿದ್ದರು. ಅದು ಮೇಜಿನ ಮೇಲಿತ್ತು. ಕಂಡಕ್ಟರ್ ಚೀಲವನ್ನು ಒಂದು ತೊಡೆಯಿಂದ ಇನ್ನೊಂದಕ್ಕೆ ಬದಲಿಸಿದ. ಅವನಿಗೆ ದುಡ್ಡು ಬೇಕಿತ್ತು. ಮನೆಯಲ್ಲಿ ಹೆಂಡತಿಗೆ ಇನ್ನೂ ಹೇಳಿರಲಿಲ್ಲ. ಒಂದು ಹೆಸರು ಕೈಯಲ್ಲಿ ಹಿಡಿದು ಮನೆಗೆ ಹೋದರೆ, ಕಳ್ಳ ಸಿಕ್ಕಿದ ಎಂದಾದರೂ ಅನ್ನಬಹುದಿತ್ತು.

"ಕುಂಟಲಿ ಬಿಡಿ ಸ್ವಾಮಿ," ಎಂದ. "ಇವರ ಹೆಸರು ಹಾಕಿದ್ರೆ ಕೇಸು ಓಡುತ್ತೆ, ದುಡ್ಡು ಬರಲ್ಲ. ಓಡಿಸ್ಕೊಂಡು ನಾನೇನ್ ಮಾಡ್ಲಿ? ಕೊಡೆಯವನು ಅಂತ ಬರೀರಿ. ದೂರು ಕೊಡೋರು ಇಬ್ರು. ನಾನೊಬ್ಬ, ಇವರೊಬ್ರು."

ಪೇದೆ ಇನ್ನೊಮ್ಮೆ ಆಕಳಿಸಿ ಬರೆದ. ಕಂಡಕ್ಟರನ ಸಹಿಯ ಕೆಳಗೆ ಸೋಪಕ್ಕ ತನ್ನ ಹೆಸರನ್ನು ಅಕ್ಷರ ಅಕ್ಷರವಾಗಿ ಬರೆದಳು. ಮುಂದಿನ ವಾರ ಬಂದು ವಿಚಾರಿಸಿ ಎಂದರು. ಅದರ ಮುಂದಿನ ವಾರವೂ ಹಾಗೇ ಎನ್ನುತ್ತಾರೆಂದು ಇಬ್ಬರಿಗೂ ಗೊತ್ತಿತ್ತು.

ಹೊರಗೆ ಬಿಸಿಲು ಸುಡುತ್ತಿತ್ತು. "ಬರ್ತೀನಿ ತಾಯಿ" ಎಂದು ಕಂಡಕ್ಟರ್ ಬಸ್ ಸ್ಟಾಪಿನ ಕಡೆ ನಡೆದ. ಹೆಂಡತಿಗೆ ಹೇಗೆ ಹೇಳುವುದೆಂದು ಈಗ ಬಾಯಿಪಾಠ ಮಾಡಿಕೊಳ್ಳುತ್ತಿದ್ದನೋ ಏನೋ, ತುಟಿ ಅಲ್ಲಾಡುತ್ತಿತ್ತು. ಸೋಪಕ್ಕ ನಡೆದೇ ಲಾಂಡ್ರಿಗೆ ಬಂದಳು. ಅರ್ಧ ದಿನದ ಬಟ್ಟೆಯ ಗುಡ್ಡೆ ಅವಳಿಗಾಗಿ ಕಾಯುತ್ತಿತ್ತು. ಸೂಪರ್‌ವೈಸರ್ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ.

"ಎಲ್ಲಿಗ್ ಹೋಗಿದ್ದೆ ಇಷ್ಟೊತ್ತು?"

"ಠಾಣೆಗೆ."

ಅವನ ಮುಖ ಬದಲಾಯಿತು. "ಕೇಸಾ? ಗುತ್ತಿಗೆದಾರರಿಗೆ ಗೊತ್ತಾದ್ರೆ ಏನಾಗುತ್ತೆ ಗೊತ್ತು ತಾನೆ? ಯಾರು ಹಾಕಿದ್ದು?"

"ನಾನೇ ಹಾಕಿದ್ದು," ಎಂದಳು ಸೋಪಕ್ಕ, ಸೆರಗು ಸೊಂಟಕ್ಕೆ ಸಿಕ್ಕಿಸಿ.

ಅವಳು ಗುಡ್ಡೆಯ ಮೇಲಿನ ಬಟ್ಟೆಯನ್ನು ಎಳೆದುಕೊಂಡು, ಕಲೆ ಯಾವುದೆಂದು ಬೆಳಕಿಗೆ ಹಿಡಿದು ನೋಡಿ, ತಣ್ಣೀರಿನ ನಲ್ಲಿ ತಿರುಗಿಸಿದಳು.