ಗಿಲಾವು ಮಾಡದ ಗೋಡೆ

೨೦೦೧ರಲ್ಲಿ ಏಳನೆಯ ತರಗತಿ ಮುಗಿಸಿ ಸಾಲಿ ಬಿಟ್ಟೆ. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಬೇಸಿಗೆ ಸೂಟಿಯಲ್ಲಿ ಲೋಕಾಪುರದ ಸೋದರಮಾವನ ಜೊತೆ ಗೌಂಡಿ ಕೆಲಸ ನೋಡಲು ಹೋಗಿದ್ದೆ. ಸಾಲಿ ಶುರುವಾಗುವ ಹೊತ್ತಿಗೆ ಅವನು ಕಟ್ಟುತ್ತಿದ್ದ ಗೋಡೆ ಮೊಣಕಾಲಿಗೆ ಬಂದಿತ್ತು. ಅದು ತಲೆಯ ಮೇಲೆ ಏರುವುದನ್ನು ನೋಡಿಯೇ ಬರುತ್ತೇನೆ ಅಂದವನು ತಿರುಗಿ ಬರಲೇ ಇಲ್ಲ.

ಆಮೇಲೆ ಪಾಯ ತೋಡುವುದರಿಂದ ಹಿಡಿದು ಫರಶಿ ಹಾಸುವ ತನಕ ಎಲ್ಲವನ್ನೂ ಕಲಿತೆ. ಬೀಳಗಿ ಕಡೆ ಕಲ್ಲಿನ ಗೋಡೆ ಕಟ್ಟಿದ್ದೇನೆ. ಮುಧೋಳದಲ್ಲಿ ಎರಡು ಅಂತಸ್ತಿನ ಮನೆ ಏರಿಸಿದ್ದೇನೆ. ರಬಕವಿ-ಬನಹಟ್ಟಿಯಲ್ಲಿ ಮಗ್ಗದ ಶೆಡ್ಡು ಕಟ್ಟಿದ್ದೇನೆ. ದಿನವಿಡೀ ಮಗ್ಗ ಬಡಿದರೂ ನನ್ನ ನೆಲ ಬಿರುಕು ಬಿಟ್ಟಿಲ್ಲ. ಬಸ್ಸಿನಲ್ಲಿ ಹೋಗುವಾಗ ಪಕ್ಕದವರಿಗೆ ಏನೂ ಹೇಳುವುದಿಲ್ಲ, ಆದರೆ ಕಿಟಕಿಯ ಕಡೆಯ ಸೀಟನ್ನೇ ಹಿಡಿಯುತ್ತೇನೆ. ನನ್ನ ಮನೆಗಳು ಒಂದೊಂದಾಗಿ ಬರುತ್ತವೆ, ಹೋಗುತ್ತವೆ.

ನಡುವೆ ಎರಡು ವರ್ಷ ದುಬೈಯಲ್ಲಿ ದುಡಿದೆ. ಅಲ್ಲಿ ತೇರದಾಳದವನೊಬ್ಬ ಗೆಳೆಯನಾದ, ಕಬ್ಬಿಣದ ಸರಳು ಕಟ್ಟುವವನು. ನಾನು ಊರಿಗೆ ಬಂದೆ, ಅವನು ಕೆನಡಾಕ್ಕೆ ಹೋದ. ಹೆಂಡತಿ ಮಕ್ಕಳನ್ನೂ ಕರೆಸಿಕೊಂಡ. ಕಳೆದ ವರ್ಷ ಒಂದು ಬೆಳಗ್ಗೆ ಫೋನು ಮಾಡಿದ.

"ಲೇ, ಇಲ್ಲಿ ಇಟ್ಟಂಗಿ ಕಟ್ಟಾವರು ಸಿಗವಲ್ರು. ನಮ್ಮ ಮಾಲಕಗ ನಿನ್ನ ಹೆಸರ ಹೇಳೇನಿ. ಅವಾ ಕೆಲಸದ ಕಾಗದ ಕೊಟ್ಟರ ವೀಸಾಕ್ಕ ಹಾಕಬಹುದು, ಮುಂದ ಮನಿಯವರನ್ನೂ ಕರಸಬಹುದು. ಆದ್ರ ಏನ ಕೆಲಸ ಬರತೈತಿ ಅಂತ ಕೇಳಿದ್ರ ಎಲ್ಲಾ ಬರತೈತಿ ಅನಬ್ಯಾಡ."

"ಯಾಕ? ಎಲ್ಲಾ ಬರತೈತಲ್ಲ."

"ಎಲ್ಲಾ ಅನ್ನೂ ಕೆಲಸ ಇಲ್ಲಿ ಇಲ್ಲೋ. ಇಟ್ಟಂಗಿ ಕಟ್ಟಾಂವ ಬ್ಯಾರೆ, ಗಿಲಾವು ಮಾಡಾಂವ ಬ್ಯಾರೆ, ಫರಶಿ ಹಾಸಾಂವ ಬ್ಯಾರೆ. ಒಂದ ಹೇಳು."

"ಮಾಲು ಕಲಸಾಂವ?"

"ಅವನೂ ಬ್ಯಾರೆ. ಚಹಾ ತರಾಂವ ಮಾತ್ರ ಇಲ್ಲ."

ಗಿಲಾವು ಅಂದರೆ ಪ್ಲಾಸ್ಟರು, ಮಾಲು ಅಂದರೆ ಉಸುಕು-ಸಿಮೆಂಟಿನ ಗಾರೆ. ಇಟ್ಟಂಗಿ ಎಂದು ಹೇಳಿದೆ. ಫೋನು ಇಟ್ಟ ಮೇಲೆ ಹೆಂಡತಿ ರೊಟ್ಟಿ ಬಡಿಯುತ್ತಲೇ ಕೇಳಿದಳು. "ಅಂದ್ರ ಗಿಲಾವು ನಿಮಗ ಬರೂದಿಲ್ಲಂತಾತು. ಮೊನ್ನಿ ಅಷ್ಟ ಬೆನ್ನ ನೋಸಕೊಂಡ ಮಾಡಿದ್ರಲ್ಲ, ಅದೇನು?" ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಒಂದು ಉತ್ತರ ಕೊಟ್ಟು ಅರ್ಧ ಕಸುಬು ಕಳೆದುಕೊಂಡವನಂತೆ ಕುಳಿತೆ.

ಮಾಲಕ ನನ್ನ ಕೈ ನೋಡಬೇಕು ಅಂದನಂತೆ. ಬನಹಟ್ಟಿಯಲ್ಲಿ ಒಂದು ಶೆಡ್ಡಿನ ಕೆಲಸ ನಡೆದಿತ್ತು. ಬೆಳಗ್ಗೆ ಜನ ಬರುವುದಕ್ಕೆ ಮುಂಚೆ ಹೋಗಿ ಇಟ್ಟಂಗಿಯ ಗುಡ್ಡೆಗೆ ಫೋನು ಆನಿಸಿ ನಿಲ್ಲಿಸಿದೆ. ನಮ್ಮಲ್ಲಿ ಬೆಳಗು, ಅವರಲ್ಲಿ ಹಿಂದಿನ ದಿನದ ಸಂಜೆ. ಪರದೆಯಲ್ಲಿ ಗೆಳೆಯ, ಅವನ ಪಕ್ಕದಲ್ಲಿ ಕೆಂಪು ಮುಖದ ವಯಸ್ಸಾದ ಮಾಲಕ. ಒಂದು ಮೂಲೆ ಕಟ್ಟಿ ತೋರಿಸು ಅಂದರು.

ಕಟ್ಟಿದೆ. ತೂಗುಗುಂಡು ಬಿಟ್ಟು ನೋಡಿದೆ, ದಾರ ಗೋಡೆಯನ್ನು ಬಿಟ್ಟು ಅಲುಗಲಿಲ್ಲ. ಮಾಲಕ ತಲೆಯಾಡಿಸುತ್ತಿದ್ದ. ನನಗೆ ಹುರುಪು ಬಂತು. ಕಡೆಗೆ, ಮಾಲು ಇನ್ನೂ ಹಸಿ ಇರುವಾಗಲೇ ಕರಣಿಯ ತುದಿಯಿಂದ ಎಲ್ಲ ಸಂದುಗಳನ್ನೂ ಕೆದರಿ ಒರಟು ಮಾಡಿದೆ. ಇಪ್ಪತ್ತು ವರ್ಷದಿಂದ ಹಾಗೇ ಮಾಡುತ್ತಿದ್ದೇನೆ. ಅವತ್ತು ನೋಡುವವರಿದ್ದರೆಂದು ಒಂದು ಸಂದನ್ನೂ ಬಿಡದೆ ಕೆದರಿದೆ.

ಮಾಲಕ ಪರದೆಗೆ ಹತ್ತಿರ ಬಂದು ಏನೋ ಅಂದ. ಗೆಳೆಯನ ದನಿ ಇಳಿಯಿತು.

"ಕೆದರೂದು ಯಾಕ ಅಂತ ಕೇಳಾಕತ್ತಾನ."

"ಗಿಲಾವು ಹಿಡೀಬೇಕಲ್ಲ."

"ಗಿಲಾವು ಎಲ್ಲಿ ಮಾಡ್ತಾರೋ. ಹಿಂಗ ಬಿಡ್ತಾರ."

"ಹಿಂಗ ಅಂದ್ರ?"

"ಹಿಂಗ. ಇಟ್ಟಂಗಿ ಕಾಣೂಹಂಗ."

ಚೇಷ್ಟೆ ಮಾಡುತ್ತಿದ್ದಾನೆ ಅಂದುಕೊಂಡೆ. "ಅಷ್ಟ ದೊಡ್ಡ ದೇಶದಾಗ ಅರ್ಧಾ ಕಟ್ಟಿದ ಮನಿಯೊಳಗ ಇರ್ತಾರೇನಲೇ?" ಅಂದೆ. ಅವನು ಅದನ್ನು ಮಾಲಕನಿಗೆ ತಿಳಿಸಿದನೋ ಇಲ್ಲವೋ ಗೊತ್ತಿಲ್ಲ. ಮಾಲಕ ಮಾತ್ರ ಇನ್ನೊಂದು ಪ್ರಶ್ನೆ ಕೇಳಿದ. "ಇದು ಯಾವಾಗ ಮುಗೀತೈತಿ ಅಂತ ಕೇಳಾಕತ್ತಾನಪಾ," ಅಂದ ಗೆಳೆಯ. ಮುಗಿದಿದೆ ಅಂದೆ. ಮಾಲಕ ಕೆದರಿದ ಸಂದುಗಳ ಕಡೆ ಬೆರಳು ಮಾಡಿ ತೋರಿಸಿದ.

ನಮ್ಮ ಕಡೆ ಗಿಲಾವು ಇಲ್ಲದ ಮನೆ ಅಂದರೆ ಒಂದೇ ಅರ್ಥ: ಮನೆಯವರ ಕೈ ಸೋತಿದೆ. ಕನ್ಯೆ ಕೊಡುವವರು ಹುಡುಗನನ್ನು ಆಮೇಲೆ ನೋಡುತ್ತಾರೆ, ಗೋಡೆಯನ್ನು ಮೊದಲು ನೋಡುತ್ತಾರೆ. ನನ್ನ ಮದುವೆಯ ಮಾತಿಗೆ ಬಂದಾಗ ಹೆಂಡತಿಯ ತಂದೆ ನಮ್ಮ ಹೊರಗೋಡೆಯ ಮೇಲೆ ಅಂಗೈ ಸವರಿ, ಆಮೇಲೆ ಚಪ್ಪಲಿ ಬಿಟ್ಟು ಒಳಗೆ ಬಂದಿದ್ದರು. ಆ ಗಿಲಾವು ನಾನೇ ಮಾಡಿದ್ದು.

ಗೆಳೆಯ ಅಲ್ಲಿಯ ಮನೆಗಳ ಫೋಟೋ ಕಳಿಸಿದ. ದೊಡ್ಡ ದೊಡ್ಡ ಮನೆ, ಮುಂದೆ ಎರಡೆರಡು ಕಾರು, ಗೋಡೆ ಮಾತ್ರ ಬರೀ ಇಟ್ಟಂಗಿ. ಸಂದುಗಳು ಬಟ್ಟೆಗೆ ಹಾಕಿದ ಹೊಲಿಗೆಯಂತೆ ನೆಟ್ಟಗೆ ಹೋಗಿದ್ದವು. ಕೆಲಸ ಛಲೋ ಇತ್ತು, ಅದನ್ನು ಒಪ್ಪಬೇಕು. "ಮ್ಯಾಲಿನ ಮಾಳಿಗಿ ಭಾರ ಇಷ್ಟ ತೆಳು ಇಟ್ಟಂಗಿ ತಡೀತೈತೇನ?" ಎಂದು ಕೇಳಿದೆ.

"ಭಾರ ಎಲ್ಲಾ ಒಳಗಿನ ಕಟಗೀ ಮ್ಯಾಲ. ಗೋಡಿ ಅಂದ್ರ ಕಟಗಿ. ಇಟ್ಟಂಗಿ ಮ್ಯಾಲ ಹಾಕಿದ ಅಂಗಿ ಇದ್ದಂಗ."

"ಹಂಗಾರ ಇಟ್ಟಂಗಿ ಏನ ಹೊರತೈತಿ?"

"ಏನೂ ಇಲ್ಲ. ತನ್ನ ತಾ ಹೊತಗೊಂಡ ನಿಂದರತೈತಿ."

ನಾವು ಇಟ್ಟಂಗಿಯಿಂದ ಮನೆ ಹೊರಿಸಿ ಅದನ್ನು ಮುಚ್ಚುತ್ತೇವೆ. ಅವರು ಏನನ್ನೂ ಹೊರದ ಇಟ್ಟಂಗಿಯನ್ನು ಊರಿಗೆಲ್ಲ ತೋರಿಸುತ್ತಾರೆ. ಇದನ್ನು ಎಷ್ಟು ಸಲ ತಿರುಗಿಸಿ ನೋಡಿದರೂ ತಲೆಗೆ ಹತ್ತಲಿಲ್ಲ.

ಮಾಲಕ ಇನ್ನೊಂದು ಸಲ ನೋಡುತ್ತೇನೆ ಅಂದಿದ್ದ: ಒಂದು ಇಡೀ ಗೋಡೆ, ಸಂದು ನಯ, ಗಿಲಾವು ಇಲ್ಲ. ಬೇರೆಯವರ ಮನೆಯ ಮೇಲೆ ಇಂಥದ್ದನ್ನು ಮಾಡುವಂತಿಲ್ಲ. ಜಮಖಂಡಿಯ ಅಂಚಿನಲ್ಲಿರುವ ನನ್ನ ಸ್ವಂತ ಮನೆಗೆ ರಸ್ತೆ ಬದಿಯ ಕಂಪೌಂಡು ಕಟ್ಟುವುದು ಉಳಿದಿತ್ತು. ಗಿಲಾವಿಗೆಂದು ಉಸುಕು ಮೊದಲೇ ತಂದು ಹಾಕಿಸಿದ್ದೆ. ಆ ಗೋಡೆಯನ್ನೇ ಕಟ್ಟಿ ತೋರಿಸೋಣ ಅಂದುಕೊಂಡೆ.

ನಮ್ಮ ಭಟ್ಟಿಯ ಇಟ್ಟಂಗಿ ಒಂದರಂತೆ ಒಂದು ಇರುವುದಿಲ್ಲ. ಗಿಲಾವು ಎಲ್ಲವನ್ನೂ ಮುಚ್ಚುತ್ತದೆ ಎಂದು ಯಾರೂ ಅದನ್ನು ನೋಡುವುದೂ ಇಲ್ಲ. ನಾನು ಗಲಗಲಿ ಕಡೆಯ ಭಟ್ಟಿಗೆ ಹೋಗಿ ಒಂದೊಂದೇ ಎತ್ತಿ, ಮೂಲೆ ನೋಡಿ, ಆರಿಸತೊಡಗಿದೆ. ಭಟ್ಟಿಯವನು ನಕ್ಕ. "ಏನ್ರಿ ಗೌಂಡ್ಯಾರ, ಕನ್ಯಾ ನೋಡಾಕ ಬಂದಂಗ ನೋಡಾಕತ್ತೀರಿ?"

ಕಟ್ಟುವಾಗ ಕೈ ಮಾತು ಕೇಳಲಿಲ್ಲ. ನನಗೆ ತಿಳಿಯುವ ಮೊದಲೇ ಕರಣಿಯ ತುದಿ ಸಂದನ್ನು ಕೆದರಿಬಿಡುತ್ತಿತ್ತು. ಒಂದು ಸಾಲು ಬಿಚ್ಚಿ ಮತ್ತೆ ಕಟ್ಟಿದೆ. ಸಂದು ತೀಡಲು ಸರಳಿನ ತುಂಡೊಂದನ್ನು ಬಗ್ಗಿಸಿ ಇಟ್ಟುಕೊಂಡೆ. ಮಗಳು ಸಾಲಿಗೆ ಹೋಗುವಾಗ ನಿಂತು ನೋಡಿ, "ಅಪ್ಪಾ, ಗೆರಿ ಹೊಡದಂಗ ಕಾಣತೈತಿ," ಅಂದಳು. ಹೊಗಳಿದಳೋ ಇಲ್ಲವೋ ಕೇಳಲಿಲ್ಲ.

ಗೋಡೆ ಎದೆಮಟ್ಟ ಆಯಿತು. ಮಾಲಕ ಫೋನಿನಲ್ಲಿ ನೋಡಿದ, ಹತ್ತಿರ ತಾ ಅಂದ, ದೂರ ಒಯ್ಯಿ ಅಂದ. ಆಮೇಲೆ ಹೆಬ್ಬೆರಳು ಎತ್ತಿ ತೋರಿಸಿದ. ಕೆಲಸದ ಕಾಗದ ಕಳಿಸಿದ. ನಾನು ವೀಸಾಕ್ಕೆ ಅರ್ಜಿ ಹಾಕಿದೆ. ಗೆಳೆಯ ಒಂದು ಮಾತು ಹೇಳಿದ. "ಆ ಗೋಡಿ ಮುಟ್ಟಬ್ಯಾಡ. ನಿನ್ನ ಕೆಲಸದ ಫೋಟೋ ಮತ್ತ ಕೇಳಿದ್ರೂ ಕೇಳಬಹುದು. ವೀಸಾ ಆಗೂತನಕ ಹಂಗ ಇರಲಿ."

ಹಾಗೇ ಇಟ್ಟೆ. ತೇರದಾಳದ ಬಸ್ಸು ನಮ್ಮ ಮನೆಯ ಮುಂದೆಯೇ ಹೋಗುತ್ತದೆ. ಅದರ ಕಿಟಕಿಯಲ್ಲಿ ಕುಳಿತವರು ಏನು ನೋಡುತ್ತಾರೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಗೌಂಡಿಯ ಮನೆ, ಗೌಂಡಿಯದೇ ಗೋಡೆ, ಮೈಮೇಲೆ ಬಟ್ಟೆಯಿಲ್ಲ. ಮುಧೋಳದಿಂದ ಒಬ್ಬರು ಹೊಸ ಮನೆಯ ಕೆಲಸ ಮಾತಾಡಲು ಬಂದರು. ಗೇಟಿನ ಹತ್ತಿರ ಗಾಡಿ ನಿಲ್ಲಿಸಿ ಗೋಡೆಯನ್ನು ನೋಡಿದರು, ಮಾಡಿದ್ದು ಯಾರು ಎಂದು ಕೇಳಿದರು. ನಾನೇ ಅಂದೆ. ಕೆನಡಾದ ಮಾತು ಹೇಳಲು ಹೋದೆ, ಅದು ನೆಪ ಹೇಳಿದಂತೆ ಕೇಳಿಸಿತು. ಚಹಾ ಕುಡಿದು ಹೋದವರು ತಿರುಗಿ ಫೋನು ಮಾಡಲಿಲ್ಲ.

ಮಾಮಾ ಲೋಕಾಪುರದಿಂದ ಬಂದ. ಈಗ ಅವನ ಮೊಣಕಾಲು ಬಗ್ಗುವುದಿಲ್ಲ. ಕೋಲು ಊರಿಕೊಂಡು ಗೋಡೆಯ ಉದ್ದಕ್ಕೂ ನಡೆದ. ಬೆರಳಿಟ್ಟು ಒಂದು ಸಂದಿನ ಗುಂಟ ಕೊನೆಯ ತನಕ ಹೋದ.

"ಕೈ ಛಲೋ ಬಂದೈತಿ," ಅಂದ. ನನ್ನ ಎದೆ ಉಬ್ಬಿತು. ಮಾಮಾ ಹಾಗೆಲ್ಲ ಅನ್ನುವವನಲ್ಲ. ಕಟ್ಟೆಯ ಮೇಲೆ ಕುಳಿತು ಕೋಲು ಪಕ್ಕಕ್ಕಿಟ್ಟು ಕೇಳಿದ. "ಯಾವಾಗ ಮುಗಸ್ತಿ?"

"ಮುಗದೈತಿ ಮಾಮಾ."

ಅವನು ನನ್ನ ಮುಖ ನೋಡಿದ, ಗೋಡೆ ನೋಡಿದ, ಆಮೇಲೆ ಹೆಂಡತಿಯ ಕಡೆ ತಿರುಗಿದ. "ಏನವಾ, ಇವಂಗ ಮೈಯಾಗ ಆರಾಮ ಐತಿಲ್ಲ?"

"ನೀವಾ ಕೇಳ್ರಿ," ಅಂದಳು ಹೆಂಡತಿ. "ನಾ ಕೇಳಿ ಸಾಕಾಗೇತಿ."

ನಾನು ಅಲ್ಲಿಯ ಮನೆಗಳ ಫೋಟೋ ತೋರಿಸಿದೆ. ಮಾಮಾ ಬಹಳ ಹೊತ್ತು ನೋಡಿದ. "ಎಲ್ಲಾ ಖರೆ. ಆದ್ರ ಇದು ಜಮಖಂಡಿ," ಅಂದ. ಊಟ ಮಾಡಿ ಸಂಜೆ ಬಸ್ಸಿಗೆ ಹೋದ.

ವೀಸಾದ ಉತ್ತರ ಇನ್ನೂ ಬಂದಿಲ್ಲ. ಉಸುಕು ಅಂಗಳದಲ್ಲೇ ಇದೆ, ಬೆಕ್ಕು ಕೆದರುತ್ತದೆಂದು ಹೆಂಡತಿ ತಾಡಪತ್ರಿ ಮುಚ್ಚಿದ್ದಾಳೆ. ಮೊನ್ನೆ ಪಕ್ಕದ ಮನೆಯವರು ಅದನ್ನು ಕೇಳಲು ಬಂದರು. ಕೊಡಲೇನು ಎಂದು ಅವಳು ನನ್ನ ಕಡೆ ನೋಡಿದಳು. ಕೊಟ್ಟರೆ ನಾವು ಹೋಗುವುದು ಖಂಡಿತ ಅಂದಂತೆ, ಇಟ್ಟುಕೊಂಡರೆ ಹೋಗುವುದಿಲ್ಲ ಅಂದಂತೆ. ಅರ್ಧ ಒಯ್ಯಿರಿ ಅಂದೆ. ಪಕ್ಕದವರಿಗೆ ಅರ್ಥವಾಗಲಿಲ್ಲ. ಹೆಂಡತಿ ಮಾತ್ರ ಬಾಯಿಗೆ ಸೆರಗು ಹಿಡಿದು ನಕ್ಕಳು.

ಹೋಗುವುದಾದರೆ ಗಿಲಾವು ಮರೆಯಬೇಕು. ಉಳಿಯುವುದಾದರೆ, ನನ್ನ ಕೈಯಿಂದ ಬಂದ ಅತ್ಯಂತ ಚೊಕ್ಕ ಗೋಡೆಯನ್ನು ನಾನೇ ಮುಚ್ಚಬೇಕು, ಅದೂ ಮುಚ್ಚುವ ಮೊದಲು ಆ ನಯವಾದ ಸಂದುಗಳನ್ನೆಲ್ಲ ಕೆತ್ತಿ ಒರಟು ಮಾಡಬೇಕು. ಬೆಳಗ್ಗೆ ಒಂದು ಸರಿ ಅನ್ನಿಸುತ್ತದೆ, ಚಹಾ ಕುಡಿಯುವಷ್ಟರಲ್ಲಿ ಇನ್ನೊಂದು.

ಈಗ ನನ್ನ ಹತ್ತಿರ ಇರುವುದು ಇಷ್ಟು. ಹೆಂಡತಿ, ಒಬ್ಬಳು ಮಗಳು. ಒಂದು ಪಾಸ್‌ಪೋರ್ಟು. ಎರಡು ಕರಣಿ, ಒಂದು ತೂಗುಗುಂಡು, ಬಗ್ಗಿಸಿದ ಸರಳಿನ ಒಂದು ತುಂಡು. ಗಿಲಾವು ಆದ ನಾಲ್ಕು ಗೋಡೆ, ಆಗದ ಒಂದು. ಅರ್ಧ ರಾಶಿ ಉಸುಕು.