ಮೇಷ್ಟ್ರ ತಪ್ಪಿನ ಬೀಜ

ಸಾವಿನ ಮನೆಗೆ ಹೋಗಿಬಂದ ಬಟ್ಟೆಯನ್ನು ನಮ್ಮ ಕಡೆ ಹಾಗೆಯೇ ಗೂಟಕ್ಕೆ ಹಾಕುವುದಿಲ್ಲ. ಮೊದಲು ಅದು ನೀರು ಕಾಣಬೇಕು. ಮೊನ್ನೆ ನಾನು ಗುರುಸಿದ್ದಯ್ಯ ಮೇಷ್ಟ್ರನ್ನು ಮಣ್ಣು ಮಾಡಿ ಕೊರಟಗೆರೆಗೆ ಹಿಂದಿರುಗಿದಾಗ, ನನ್ನ ಹೆಂಡತಿ ನಂಜಮ್ಮ ನನ್ನನ್ನು ಹಿತ್ತಿಲಲ್ಲೇ ನಿಲ್ಲಿಸಿ, ಕೋಟನ್ನು ಈಸಿಕೊಂಡು, ನೆನೆಹಾಕುವ ಮೊದಲು ಒಳಜೇಬಿಗೆ ಕೈಹಾಕಿ ಒಂದು ಹುಣಸೆ ಬೀಜವನ್ನು ತೆಗೆದಳು. ಮದುವೆಯಾದಂದಿನಿಂದ ಆ ಬೀಜ ಅವಳಿಗೆ ಗೊತ್ತು. ಕೋಟು ಒಗೆಯುವಾಗಲೆಲ್ಲ, “ಚೌಕಾಬಾರಕ್ಕೆ ಒಂದೇ ಬೀಜ ಸಾಲ್ದು ಕಣ್ರೀ, ಇನ್ನೂ ಮೂರು ತರ್ಬಾರ್ದಾ?” ಎಂದು ನಗುವುದು ಅವಳ ವಾಡಿಕೆ. ಮೊನ್ನೆ ನಗಲಿಲ್ಲ. ಬೀಜವನ್ನು ತೊಳೆದು, ಸೆರಗಿನಲ್ಲಿ ಒರೆಸಿ, ಕಿಟಕಿಯ ಮೇಲಿಟ್ಟು, “ಇನ್ನ ಇದನ್ನ ಯಾರಿಗೆ ತಿರುಗ್ಸಿ ಕೊಡ್ತೀರಾ?” ಎಂದಳು.

ಅವಳ ಪ್ರಶ್ನೆ ನಿಮಗೆ ಅರ್ಥವಾಗಬೇಕಾದರೆ ಐ.ಡಿ.ಹಳ್ಳಿಯ ಆಚೆಗಿನ ನಮ್ಮೂರ ಶಾಲೆಯೊಳಕ್ಕೆ ಒಂದು ಗಳಿಗೆ ಬರಬೇಕು. ಶಾಲೆಯೆಂದರೆ ಒಂದು ಹಜಾರ, ಮುಂದೆ ಒಂದು ಹುಣಸೆ ಮರ, ನಾಲ್ಕು ತರಗತಿಗಳಿಗೂ ಸೇರಿ ಒಬ್ಬರೇ ಮೇಷ್ಟ್ರು. ಅವರ ಕೈಯಲ್ಲಿ ಬೆತ್ತವಿರಲಿಲ್ಲ. ಪಂಚೆಯ ಮಡಿಲಲ್ಲಿ ಒಂದು ಹಿಡಿ ಹುಣಸೆ ಬೀಜ ಇರುತ್ತಿತ್ತು. ನಾವು ಸ್ಲೇಟಿನ ಮೇಲೆ ಬರೆಯುತ್ತ ಕುಳಿತಿದ್ದರೆ ಅವರು ಬೆನ್ನ ಹಿಂದೆ ಸದ್ದಿಲ್ಲದೆ ಬಂದು, ತಪ್ಪು ಕಂಡ ಸ್ಲೇಟಿನ ಮೂಲೆಯಲ್ಲಿ ಒಂದು ಬೀಜ ಇಟ್ಟು ಮುಂದೆ ಹೋಗುವರು. ತಪ್ಪು ಎಲ್ಲಿದೆ ಎಂದು ಮಾತ್ರ ಹೇಳುತ್ತಿರಲಿಲ್ಲ. ಅದನ್ನು ನಾವೇ ಹುಡುಕಿ, ತಿದ್ದಿ, ಅವರ ಮೇಜಿನ ಹತ್ತಿರ ಹೋಗಿ, ಇಲ್ಲಿತ್ತು ಎಂದು ತೋರಿಸಿ ಬೀಜವನ್ನು ಹಿಂದಕ್ಕೆ ಕೊಡಬೇಕು. ಕೊಡುವತನಕ ಆಟವಿಲ್ಲ. ಬೆತ್ತದ ಏಟಾದರೆ ತಿಂದು ಮರೆಯಬಹುದು. ಬೀಜ ಸುಮ್ಮನೆ ಕಣ್ಣೆದುರು ಕೂತಿರುತ್ತದೆ.

ಒಂದು ದಿನ ಮೂರು ಪಲ್ಲ ರಾಗಿಯನ್ನು ನಾಲ್ವರು ಅಣ್ಣತಮ್ಮಂದಿರಿಗೆ ಸಮನಾಗಿ ಹಂಚುವ ಲೆಕ್ಕ ಕೊಟ್ಟಿದ್ದರು. ಪಲ್ಲವೆಂದರೆ ನೂರು ಸೇರು; ತಲೆಗೆ ಎಪ್ಪತ್ತೈದು ಸೇರು ಎಂದು ಬರೆದೆ. ನನ್ನ ಸ್ಲೇಟಿನ ಮೇಲೆ ಬೀಜ ಬಿತ್ತು. ಮತ್ತೆ ಮಾಡಿದೆ, ಎಪ್ಪತ್ತೈದೇ ಬಂತು. ಬೆರಳು ಮಡಿಸಿ ಎಣಿಸಿದೆ, ಎಪ್ಪತ್ತೈದೇ. ಉಳಿದವರೆಲ್ಲ ಬೀಜ ಹಿಂತಿರುಗಿಸಿ ಮರದ ಕೆಳಗೆ ಆಡುತ್ತಿದ್ದರು. ಕೊನೆಗೆ ನಾನು ಅಂಗೈಯಿಂದ ಐದನ್ನು ಒರೆಸಿ, ಆರು ಮಾಡಿ, ಮೇಜಿನ ಹತ್ತಿರ ಹೋಗಿ ಬೀಜ ಒಪ್ಪಿಸಿದೆ.

ಮೇಷ್ಟ್ರು ಸ್ಲೇಟು ನೋಡಿ, “ನಾಕೆಪ್ಪತ್ತಾರು ಎಷ್ಟ್ಲಾ ರಂಗ?” ಎಂದರು.

“ಮುನ್ನೂರ ನಾಕು ಮೇಷ್ಟ್ರೇ.”

“ಮಿಕ್ಕ ನಾಕು ಸೇರು ಯಾರ ರಾಗಿ ಹಗೇವಿಂದ ಕದ್ಕೊಂಡ್ ಬಂದ್ಯಲಾ?”

ಹೊರಗಿದ್ದ ಹುಡುಗರು ಕಿಟಕಿಯಲ್ಲಿ ಮುಖವಿಟ್ಟು ನಕ್ಕರು. ನನಗೆ ಅಳು ಬಂತು. ಅಳುತ್ತಲೇ, ಮೊದಲು ಎಪ್ಪತ್ತೈದು ಬರೆದಿದ್ದೆನೆಂದು ಹೇಳಿದೆ. ಮೇಷ್ಟ್ರ ಮುಖದ ನಗೆ ನಿಂತಿತು. ಆಡುತ್ತಿದ್ದವರನ್ನೆಲ್ಲ ಒಳಗೆ ಕರೆದು ಕೂರಿಸಿ, ಎದ್ದು ನಿಂತು, ಅಂಗೈಯಲ್ಲಿ ಬೀಜ ಹಿಡಿದು ಹೇಳಿದರು: “ರಂಗನ ಲೆಕ್ಕ ಸರಿಯಾಗಿತ್ತು. ನಾನು ನೆಟ್ಟಗೆ ನೋಡ್ದೆ ಬೀಜ ಇಟ್ಬುಟ್ಟೆ. ತಪ್ಪು ನಂದು.” ಆಮೇಲೆ ನನ್ನ ಕಡೆ ತಿರುಗಿ, “ನೀನೂ ಒಂದು ತಪ್ಪು ಮಾಡ್ದೆ ಕಣ್ಲಾ. ನನ್ನ ಮೆಚ್ಚಿಸಕ್ಕೆ ಸರಿಯಾಗಿದ್ದುದನ್ನ ಅಳಿಸ್ಬುಟ್ಟೆ. ನೋಡು, ಮತ್ತೆ ನೋಡು. ಅಷ್ಟಾದ ಮೇಲೂ ಸರಿಯಾಗೇ ಇದ್ರೆ, ಎದ್ದು ನಿಂತು ‘ತಪ್ಪಿಲ್ಲ ಮೇಷ್ಟ್ರೇ’ ಅನ್ನು. ಈ ಬೀಜ ನಂದು. ನಿನ್ನತ್ರಾನೇ ಇರ್ಲಿ,” ಎಂದರು.

ಊರ ಯಜಮಾನರೆದುರು ದನಿ ಎತ್ತದ ನಮ್ಮ ಕೇರಿಯಲ್ಲಿ, ಒಬ್ಬ ದೊಡ್ಡವರು ಮಕ್ಕಳ ಮುಂದೆ ನಿಂತು ‘ತಪ್ಪು ನಂದು’ ಎಂದದ್ದನ್ನು ಅಲ್ಲಿಯವರೆಗೆ ನಾನು ಕೇಳಿರಲಿಲ್ಲ. ಅದು ಅವರನ್ನು ಚಿಕ್ಕವರನ್ನಾಗಿ ಮಾಡಲಿಲ್ಲ ಎಂಬುದನ್ನೂ ಅಂದೇ ಕಂಡೆ. ಮುಂದೆ ಮಧುಗಿರಿಯಲ್ಲಿ ಓದಿ, ಆಸ್ಪತ್ರೆಯೊಂದರಲ್ಲಿ ಕಂಪೌಂಡರನಾದೆ. ಒಂದು ಸಂತೆಯ ದಿನ, “ಬಿರ್ನೆ ಕೊಡಪ್ಪೋ, ಗಾಡಿ ಹೊಂಟೋಯ್ತದೆ” ಎಂದು ಅವಸರ ಮಾಡುತ್ತಿದ್ದ ಒಬ್ಬ ತಾಯಿಗೆ ಅವಳ ಮಗುವಿನ ಔಷಧಿ ಕೊಡುವಾಗ, ಅಭ್ಯಾಸದಂತೆ ಕೈ ಜೇಬಿನ ಬೀಜದ ಮೇಲೆ ಹೋಯಿತು. ಇನ್ನೊಮ್ಮೆ ನೋಡಿದೆ. ಪಕ್ಕದ ಸೀಸೆಯಿಂದ ಸುರಿದಿದ್ದೆ. ಆ ತಾಯಿಯ ಎದುರಿಗೇ ಅದನ್ನು ಚೆಲ್ಲಿ, “ತಪ್ಪಾಗಿತ್ತಮ್ಮ, ತಾಳಿ” ಎಂದು ಬೇರೆ ಮಾಡಿಕೊಟ್ಟೆ. ಆ ಮಗು ಈಗ ಎಲ್ಲಿ ಬೆಳೆಯುತ್ತಿದೆಯೋ, ಗುರುಸಿದ್ದಯ್ಯ ಮೇಷ್ಟ್ರೆಂಬ ಹೆಸರು ಅದಕ್ಕೆ ಗೊತ್ತಿರಲಾರದು.

ಇದನ್ನೆಲ್ಲ ಮೇಷ್ಟ್ರಿಗೆ ಹೇಳಬೇಕೆಂದು ವರ್ಷಗಟ್ಟಲೆ ಅಂದುಕೊಂಡೆ. ಅವರು ಹಾಸಿಗೆ ಹಿಡಿದರೆಂದು ತಿಳಿದ ಮೇಲೆ ಹೊರಟೆ. ಯುದ್ಧಕಾಲದಲ್ಲಿ ಪೆಟ್ರೋಲಿಲ್ಲದೆ ಇದ್ದಿಲಿನಿಂದ ಓಡುವ ಬಸ್ಸು ದಿಣ್ಣೆ ಸಿಕ್ಕಲ್ಲೆಲ್ಲ ನಮ್ಮನ್ನು ಇಳಿಸಿ ತಳ್ಳಿಸಿಕೊಳ್ಳುತ್ತಿತ್ತು; ತಳ್ಳುತ್ತಲೇ ಹೇಳಬೇಕಾದ ಮಾತುಗಳನ್ನು ಜೋಡಿಸಿಕೊಂಡೆ. ಮೇಷ್ಟ್ರು ಗೋಡೆಗೆ ಒರಗಿ ಕೂತಿದ್ದರು, ಹಣೆಯ ವಿಭೂತಿ ಬೆವರಿಗೆ ಕರಗಿತ್ತು. ನಾನು ಕಾಲು ಮುಟ್ಟಿ, ಬೀಜವನ್ನು ಅವರ ಕೈಗಿಟ್ಟು, “ನಾನು ಮನುಷ್ಯನಾದದ್ದು ನಿಮ್ಮಿಂದ, ಮೇಷ್ಟ್ರೇ. ಜೀವಮಾನದಲ್ಲಿ ಒಂದು ತಪ್ಪನ್ನೂ ಮಾಡಿದವರಲ್ಲ ನೀವು,” ಎಂದೆ.

ಅವರು ಬೀಜವನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು. ನಕ್ಕರು. ನಿಧಾನವಾಗಿ ಅದನ್ನು ನನ್ನ ಅಂಗೈಯಲ್ಲಿಟ್ಟು, ನನ್ನ ಬೆರಳುಗಳನ್ನು ಒಂದೊಂದಾಗಿ ಮಡಿಸಿ, “ಇನ್ನೊಂದ್ಸಲ ನೋಡ್ಲಾ,” ಎಂದರು. ಅಷ್ಟರಲ್ಲಿ ಅವರ ಮಗಳು ಗಂಜಿ ತಂದಳು. ಮುದುಕರಿಗೆ ನೆನಪು ಕಲಸಿದೆ ಎಂದುಕೊಂಡು ನಾನು ಎದ್ದುಬಂದೆ. ನಾಲ್ಕನೆಯ ದಿನ ಸುದ್ದಿ ಬಂತು. ಮಣ್ಣಿಗೆ ಬಂದಿದ್ದವರೆಲ್ಲ, “ದೇವ್ರಂತೋರು, ಒಂದು ತಪ್ಪು ಅಂತ ಮಾಡ್ದೋರಲ್ಲ” ಎನ್ನುತ್ತಿದ್ದರು. ನಾನೂ ತಲೆಯಾಡಿಸಿದೆ.

ನಂಜಮ್ಮ ಕೇಳಿದ ಮೇಲೆಯೇ ಕಿಟಕಿಯ ಮೇಲಿದ್ದ ಬೀಜವನ್ನು ನಾನು ನಿಜವಾಗಿ ನೋಡಿದ್ದು. ಮೇಷ್ಟ್ರಿಗೆ ನೆನಪು ಕಲಸಿರಲಿಲ್ಲ. ಅವರ ತಪ್ಪಿನ ಬೀಜವನ್ನು ಅವರ ಕೈಗಿಟ್ಟು, ನೀವು ತಪ್ಪನ್ನೇ ಮಾಡಿದವರಲ್ಲ ಎಂದು ನಾನು ಹೇಳಿದ್ದೆ. ಅವರನ್ನು ಮೆಚ್ಚಿಸುವ ಆಸೆಯಲ್ಲಿ ಎರಡನೆಯ ಸಲವೂ ಸರಿಯಾಗಿದ್ದುದನ್ನು ಅಂಗೈಯಿಂದ ಒರೆಸಿಬಿಟ್ಟಿದ್ದೆ; ಅದೂ ಅವರ ಬಾಳಿನಲ್ಲಿ ನನಗೆ ಎಲ್ಲಕ್ಕಿಂತ ಬೆಲೆಯುಳ್ಳ ದಿನವನ್ನು.

ಆದ್ದರಿಂದ ನನ್ನ ಕೃತಜ್ಞತೆಯನ್ನು ಇಲ್ಲಿ ತಿದ್ದಿ ಬರೆಯುತ್ತಿದ್ದೇನೆ. ಗುರುಸಿದ್ದಯ್ಯ ಮೇಷ್ಟ್ರು ತಪ್ಪು ಮಾಡಿದರು. ಮೂರು ಪಲ್ಲ ರಾಗಿಯ ಲೆಕ್ಕದಲ್ಲಿ ಮಾಡಿದರು, ಎಲ್ಲ ಮಕ್ಕಳೆದುರು ಎದ್ದು ನಿಂತು ಒಪ್ಪಿದರು. ನಾನು ಮನುಷ್ಯನಾದದ್ದು ಅದರಿಂದ.

ಬೀಜವನ್ನು ಈ ಹಾಳೆಯ ಮೂಲೆಯಲ್ಲಿಟ್ಟು ಬರೆದದ್ದನ್ನು ಓದಿದೆ. ಮತ್ತೆ ಓದಿದೆ. ಕೋಟು ಒಣಗಿದೆಯೆಂದು ನಂಜಮ್ಮ ತಂದು ಹಿಡಿದಿದ್ದಾಳೆ, ಅದರ ಜೇಬು ಕಾಯುತ್ತಿದೆ. ಅದಕ್ಕೆ ಮೊದಲು ಎದ್ದು ನಿಂತೆ.

ತಪ್ಪಿಲ್ಲ, ಮೇಷ್ಟ್ರೇ.