ಕೋಚ್ ಎದುರಿಗೆ ಓದಿದ ಪಟ್ಟಿ

ಕೋಚ್ ಅವರ ಬಲಗೈ ತೋರುಬೆರಳು ಪೂರ್ತಿ ನೆಟ್ಟಗಾಗುತ್ತಿರಲಿಲ್ಲ. ಚಹಾದ ಕಪ್ಪನ್ನೂ ಬೇಸ್‌ಬಾಲ್ ಚೆಂಡಿನಂತೆಯೇ ಹಿಡಿಯುತ್ತಿದ್ದರು. ಅಮೆರಿಕದಲ್ಲಿ ವೃತ್ತಿಪರ ಆಟಗಾರರಾಗಿದ್ದವರು. ತೊಂಬತ್ತರ ದಶಕದಲ್ಲಿ ಲಂಡನ್ನಿನ ಎಜ್‌ವೇರ್‌ನಲ್ಲಿ ನಮ್ಮ ಪಕ್ಕದ ಮನೆಯವರು. ಭಾನುವಾರ ಪಾರ್ಕಿನಲ್ಲಿ ನನ್ನ ಮಗಳೂ ಸೇರಿ ಬೀದಿಯ ಮಕ್ಕಳಿಗೆಲ್ಲ ಆಟ ಕಲಿಸುತ್ತಿದ್ದರು. ಚೆಂಡು ಕೈಬಿಟ್ಟ ಮಗುವಿಗೆ ಅವರದು ಒಂದೇ ಮಾತು: “ಹೋದದ್ದು ಹೋಯ್ತು. ಮುಂದಿನದು ಬರ್ತಿದೆ, ನೋಡು.”

ಆಟ ಯಾಕೆ ಬಿಟ್ಟಿರಿ ಎಂದು ನನ್ನ ಹೆಂಡತಿ ಒಮ್ಮೆ ಗಿರಮಿಟ್ಟಿನ ತಟ್ಟೆ ಕೊಡುತ್ತಾ ಕೇಳಿಬಿಟ್ಟಳು. ಸಂಬಳದ ವಿಚಾರಣೆಯಿಂದ, ಎಂದರು. ಆಟಗಾರ ಒಂದು ಮೊತ್ತ ಕೇಳುತ್ತಾನೆ, ತಂಡ ಒಂದು ಹೇಳುತ್ತದೆ. ಪಂಚರು ಎರಡರಲ್ಲೊಂದನ್ನು ಆರಿಸಬೇಕು. ಅವರದೇ ತಂಡದ ವಕೀಲ ಅವರೆದುರೇ ಅವರ ಕೊರತೆಗಳನ್ನು ಒಂದು ಗಂಟೆ ಓದಿದನಂತೆ.

“ಗೆದ್ದವನು ನಾನೇ,” ಎಂದರು. “ಆದರೆ ಆಮೇಲೆ ಎಸೆಯಲು ಕೈಯೆತ್ತಿದಾಗೆಲ್ಲ ಆ ಪಟ್ಟಿ ಕೇಳಿಸೋದು. ಎರಡೇ ವರ್ಷ, ಆಟ ಬಿಟ್ಟೆ.”

ಹೆಂಡತಿ ಧಾರವಾಡದವಳು. ಅವರು ಹೋದ ಮೇಲೆ, “ತಮ್ಮ ಮಂದೀನ ಹಂಗ ಎದುರಿಗೆ ಕುಂದ್ರಿಸಿ ಅಂದ್ರ ಯಾರ ಕೈಯರ ನಡಗೂದಿಲ್ರೀ?” ಎಂದಳು. ನಾನು ತಲೆದೂಗಿದೆ.

ಮರುವರ್ಷ ಆ ಮಕ್ಕಳ ಪೋಷಕರ ಸಮಿತಿಗೆ ನಾನು ಕಾರ್ಯದರ್ಶಿ. ಕೋಚ್ ಮೊದಲ ಸಲ ಸಂಭಾವನೆ ಕೇಳಿದರು. ಕೆಲವರು ಗೊಣಗಿದರು. ಅವರ ಬೆನ್ನ ಹಿಂದೆ ಮಾತಾಡುವುದು ಬೇಡ, ಕರೆಸೋಣ ಎಂದವನು ನಾನೇ, ಅದೇ ನ್ಯಾಯವೆನಿಸಿತ್ತು. ಆಕ್ಷೇಪಗಳನ್ನು ಬರೆದುಕೊಂಡು ಅವರೆದುರು ಓದಿದೆ: ಮೂರು ಸಲ ತಡವಾಗಿ ಬಂದದ್ದು, ಒಂದು ಮಗುವನ್ನು ಗದರಿದ್ದು, ಭುಜದ ನೋವಿನಿಂದ ದೂರದ ಎಸೆತ ಕಲಿಸಲಾಗದ್ದು. ಆ ನೋವಿನ ವಿಷಯ ಅವರು ನಮ್ಮ ಅಡುಗೆಮನೆಯಲ್ಲಿ ಕೂತು ಹೇಳಿದ್ದು. ಸಮಿತಿಯಲ್ಲಿ ಬೇರಾರಿಗೂ ಗೊತ್ತಿರಲಿಲ್ಲ.

ಓದುವಾಗ ಅವರ ಹಳೆಯ ಕತೆ ಮರೆತಿದ್ದೆನೇ? ಹಾಗೆಂದು ಬರೆಯಲು ಆಸೆ. ನಂಬಿಕೆಯಿಲ್ಲ.

ಅವರು ಆ ಡೊಂಕು ಬೆರಳನ್ನು ಮೇಜಿಗೊತ್ತಿ ಕೂತಿದ್ದರು. “ಪಟ್ಟಿ ಸರಿಯಾಗಿದೆ,” ಎಂದರು ಕೊನೆಗೆ. ಸಮಿತಿ ಅವರು ಕೇಳಿದಷ್ಟನ್ನೂ ಒಪ್ಪಿತು.

“ಗೊತ್ತಿದ್ದೂ ಮಾಡಿದ್ರಿ,” ಎಂದಳು ಹೆಂಡತಿ. “ಯುನಿವರ್ಸಿಟಿ ಬ್ಯಾರೆ ಕಲ್ತೀರಿ!”

ಮುಂದಿನ ಭಾನುವಾರ ಕೋಚ್ ಎಂದಿಗಿಂತ ಮೊದಲೇ ಬಂದಿದ್ದರು. ಮಗಳು ಚೆಂಡು ಕೈಬಿಟ್ಟಳು. ಅವರು ಬಾಯಿ ತೆರೆದು, ನನ್ನತ್ತ ನೋಡಿ, ತಾವೇ ಹೋಗಿ ಚೆಂಡು ಹೆಕ್ಕಿ ತಂದರು. ಆ ಬೇಸಿಗೆ ಮುಗಿದ ಮೇಲೆ ಕಲಿಸುವುದನ್ನೇ ಬಿಟ್ಟರು.

ಕೆಲವು ವರ್ಷಗಳ ನಂತರ ತೀರಿಕೊಂಡರು. ಹಿತ್ತಲ ಬೇಲಿಯ ಬಳಿ ಒಂದು ಸಂಜೆ ಕ್ಷಮೆ ಕೇಳಿದ್ದೆನೆಂದು ನನಗೆ ಚೆನ್ನಾಗಿ ನೆನಪಿದೆ. ಡೈರಿಗಳನ್ನೆಲ್ಲ ತಿರುವಿ ಹಾಕಿದೆ, ಅಂಥ ಸಂಜೆ ಎಲ್ಲೂ ಇಲ್ಲ. ಸಮಿತಿ ಸೇರಿದ ದಿನದ ಪುಟವಿದೆ. ಅದರಲ್ಲಿ ನನ್ನದೇ ಅಕ್ಷರದಲ್ಲಿ ಒಂದು ಸಾಲು: “ಸಭೆ ಚೆನ್ನಾಗಿ ನಡೆಯಿತು.”